ಬೊಂಬೆಯ ಮೇಲೆ ಪಳಗಿದ ಕೈ ಹೆರಿಗೆ ಕೋಣೆಯಲ್ಲಿ ನಡೆಯುತ್ತಾ?

ಪ್ರಶ್ನೆ: ನಾನು ತಾಲ್ಲೂಕು ಊರೊಂದರ ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ಎರಡು ವರ್ಷದ ಹಿಂದೆ ನಮ್ಮಲ್ಲಿ ಹೆರಿಗೆಯ ಮತ್ತು ನವಜಾತ ಶಿಶುವಿನ ಮ್ಯಾನಿಕಿನ್‌ಗಳನ್ನು, ಅಂದರೆ ಅಭ್ಯಾಸದ ಬೊಂಬೆಗಳನ್ನು, ಜಾಸ್ತಿ ಬೆಲೆ ಕೊಟ್ಟು ತಂದರು. ಅವು ಬೀಗ ಹಾಕಿದ ಕೋಣೆಯಲ್ಲಿವೆ. ಹಾಳಾದರೆ ಯಾರು ಹೊಣೆ ಅನ್ನುವ ಭಯ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು ಎರಡು ಸಲ ಮುಟ್ಟುತ್ತಾರೆ, ಅಷ್ಟೇ. ನಮ್ಮ ಹಿರಿಯ ಡಾಕ್ಟರೊಬ್ಬರು 'ಬೊಂಬೆ ಆಟದಿಂದ ಹೆರಿಗೆ ಮಾಡಿಸೋಕೆ ಬರಲ್ಲ, ವಾರ್ಡಿಗೆ ಕಳಿಸಿ' ಅನ್ನುತ್ತಾರೆ. ಬೊಂಬೆಯ ಮೇಲೆ ಕಲಿತದ್ದು ನಿಜವಾಗಿಯೂ ಉಪಯೋಗಕ್ಕೆ ಬರುತ್ತಾ? ಬರುವುದಾದರೆ ಹೇಗೆ ಮಾಡಿಸಬೇಕು? ಹೊಸದಾಗಿ ದುಡ್ಡು ಕೇಳುವ ಸ್ಥಿತಿ ಇಲ್ಲ.

ಉತ್ತರ: ಬರುತ್ತೆ. ಆದರೆ ಪರೀಕ್ಷೆಗೆ ಮುಂಚೆ ಎರಡು ಸಲ ಮುಟ್ಟಿದರೆ ಬರುವುದಿಲ್ಲ. ನಿಮ್ಮ ಡಾಕ್ಟರ್ ನೋಡಿರುವುದು ಈ ಎರಡನೇ ರೀತಿಯನ್ನೇ ಇರಬೇಕು. ಹಾಗಾಗಿ ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ನಿಮ್ಮ ಪತ್ರ ಓದಿದಾಗ ನನ್ನ ಕೆಲಸದ ಎರಡನೇ ವರ್ಷದ ಒಂದು ರಾತ್ರಿ ನೆನಪಾಯಿತು. ಚೊಚ್ಚಲ ಹೆರಿಗೆ. ಮಗು ಬಂತು, ಅಳಲಿಲ್ಲ. ಮೈ ನೀಲಿ, ಕೈಕಾಲು ಜೋತುಬಿದ್ದಿವೆ. ಏನು ಮಾಡಬೇಕು ಅನ್ನುವುದು ನನಗೆ ಬಾಯಿಪಾಠ. ಒರೆಸು, ಬೆನ್ನು ಉಜ್ಜು, ಉಸಿರು ನೋಡು, ಉಸಿರಿಲ್ಲದಿದ್ದರೆ ಅಂಬು ಬ್ಯಾಗ್, ಅಂದರೆ ಮುಖಕ್ಕೆ ಮಾಸ್ಕ್ ಇಟ್ಟು ಕೈಯಿಂದ ಒತ್ತಿ ಗಾಳಿ ಕೊಡುವ ಚೀಲ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು. ಮಾಸ್ಕ್ ಇಟ್ಟೆ, ಬ್ಯಾಗ್ ಒತ್ತಿದೆ. ಗಾಳಿ ಕೆನ್ನೆಯ ಪಕ್ಕದಿಂದ ಪುಸ್ಸೆಂದು ಹೊರಗೆ ಹೋಯಿತು. ಇನ್ನೂ ಜೋರಾಗಿ ಒತ್ತಿದೆ. ಮತ್ತೆ ಪುಸ್. ಎದೆ ಏಳಲಿಲ್ಲ. ಪಕ್ಕದ ವಾರ್ಡಿನಿಂದ ಓಡಿ ಬಂದ ಹಿರಿಯ ಸಿಸ್ಟರ್ ನನ್ನ ಕೈಯಿಂದ ಬ್ಯಾಗ್ ತೆಗೆದುಕೊಂಡರು. ಮಗುವಿನ ಗಲ್ಲವನ್ನು ಒಂದಿಷ್ಟೇ ಇಷ್ಟು ಮೇಲೆತ್ತಿದರು. ಮಾಸ್ಕನ್ನು ಗಲ್ಲದ ತುದಿಯಿಂದ ಮೂಗಿನ ಕಡೆಗೆ ಮಲಗಿಸಿದರು. ಒತ್ತಿದರು. ಎರಡನೇ ಒತ್ತಿಗೆ ಎದೆ ಎದ್ದಿತು. ಮಗು ಉಳಿಯಿತು. ಅವರು ಬರುವುದು ಎರಡು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಅನ್ನುವ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆ ಸಿಸ್ಟರ್‌ಗೆ ಗೊತ್ತಿದ್ದ ಯಾವ ಪಾಠವೂ ನನಗೆ ಗೊತ್ತಿಲ್ಲದ್ದಾಗಿರಲಿಲ್ಲ. ಅವರ ಬೆರಳಿಗೆ ಗೊತ್ತಿತ್ತು, ನನ್ನ ಬೆರಳಿಗೆ ಗೊತ್ತಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕಿನ ಮೇಲೆ ಕೂರಬೇಕು. ಉಳಿದ ಮೂರು ಬೆರಳು ದವಡೆಯ ಎಲುಬಿನ ಕೆಳಗೆ ಹೋಗಿ, ಮುಖವನ್ನೇ ಮಾಸ್ಕಿನ ಕಡೆಗೆ ಎತ್ತಬೇಕು. ಹೊಸಬರೆಲ್ಲ ಇದರ ಉಲ್ಟಾ ಮಾಡುತ್ತಾರೆ, ಮಾಸ್ಕನ್ನು ಮುಖದ ಮೇಲೆ ಅದುಮುತ್ತಾರೆ. ಅದುಮಿದಷ್ಟೂ ಕತ್ತು ಬಾಗುತ್ತೆ, ಉಸಿರಿನ ದಾರಿ ಮುಚ್ಚುತ್ತೆ. ಮೂರು ಬೆರಳು ಎಲುಬಿನಿಂದ ಜಾರಿ ಕತ್ತಿನ ಮೆದುಭಾಗಕ್ಕೆ ಬಂದರಂತೂ ನಾವೇ ಮಗುವಿನ ಗಂಟಲು ಒತ್ತಿದ ಹಾಗೆ. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಲು ಆಗುವುದಿಲ್ಲ. ಗಾಳಿ ಸೋರುವ ಸದ್ದು ಕೇಳಬೇಕು, ಬೆರಳು ಸರಿಸಬೇಕು, ಸದ್ದು ನಿಲ್ಲಬೇಕು, ಎದೆ ಏಳುವುದನ್ನು ಕಣ್ಣಾರೆ ನೋಡಬೇಕು. ಇಪ್ಪತ್ತು ಮೂವತ್ತು ಸಲ ಹೀಗಾದ ಮೇಲೆ ಕೈಗೆ ತಾನೇ ಗೊತ್ತಾಗುತ್ತೆ.

ಈಗ ನಿಮ್ಮ ಡಾಕ್ಟರ ಮಾತಿಗೆ ಬರೋಣ. ವಾರ್ಡಿಗೆ ಕಳಿಸಿದರೆ ಕಲಿಯುತ್ತಾರಲ್ಲ ಅಂತಾರೆ. ಸಾಮಾನ್ಯ ಹೆರಿಗೆಯ ಮಟ್ಟಿಗೆ ಅದು ನಿಜ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ನೂರು ಮಕ್ಕಳು ಹುಟ್ಟಿದರೆ ಸುಮಾರು 10 ಮಕ್ಕಳಿಗೆ ಉಸಿರು ಶುರುವಾಗಲು ಏನಾದರೊಂದು ಸಹಾಯ ಬೇಕು. ಅವುಗಳಲ್ಲೂ ಹೆಚ್ಚಿನವು ಒರೆಸಿ ಬೆನ್ನು ಉಜ್ಜಿದರೆ ಅಳುತ್ತವೆ. ಬ್ಯಾಗ್ ಮತ್ತು ಮಾಸ್ಕ್ ಬೇಕಾಗುವುದು ನೂರಕ್ಕೆ 3ರಿಂದ 6 ಮಕ್ಕಳಿಗೆ ಮಾತ್ರ. ತಿಂಗಳಿಗೆ 20 ಹೆರಿಗೆ ಆಗುವ ಒಂದು ಆಸ್ಪತ್ರೆ ಅಂದುಕೊಳ್ಳಿ. ಅಲ್ಲಿ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಗುವಿಗೆ ಬ್ಯಾಗ್ ಬೇಕಾದೀತು. ಮೂರು ಜನ ಸ್ಟಾಫ್ ನರ್ಸ್ ಪಾಳಿಯಲ್ಲಿದ್ದರೆ ಒಬ್ಬೊಬ್ಬರಿಗೆ ವರ್ಷಕ್ಕೆ ನಾಲ್ಕು ಸಲ. ಮೂರು ತಿಂಗಳಿಗೊಮ್ಮೆ ಸೈಕಲ್ ಹತ್ತಿದರೆ ಯಾರಿಗಾದರೂ ಸೈಕಲ್ ಬರುತ್ತಾ? ಇಲ್ಲಿ ಕೈಗೆ ಸಿಗುವ ಸಮಯವಾದರೂ ಎಷ್ಟು? ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಗಾಳಿ ಒಳಗೆ ಹೋಗಬೇಕು. ನಮ್ಮವರು ಅದನ್ನು ಗೋಲ್ಡನ್ ಮಿನಿಟ್ ಅನ್ನುವುದು ಅದಕ್ಕೇ. ಆ ನಿಮಿಷದಲ್ಲಿ ಕಲಿಯಲು ಹೋದರೆ ಅದು ಯುದ್ಧಕಾಲದ ಶಸ್ತ್ರಾಭ್ಯಾಸ. ಅದರ ಬೆಲೆ ಕೊಡುವುದು ಮಗು.

ನಿಮ್ಮ ಪ್ರಶ್ನೆಗೆ ಅತಿ ಸ್ಪಷ್ಟ ಉತ್ತರ ಸಿಕ್ಕಿದ್ದು ತಾಂಜಾನಿಯಾದಲ್ಲಿ. 2010ರಲ್ಲಿ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಅನ್ನುವ ತರಬೇತಿ ಶುರುವಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ಇತರ ಸಂಸ್ಥೆಗಳು ಸೇರಿ ರೂಪಿಸಿದ್ದು ಅದು. ಸೌಕರ್ಯ ಕಡಿಮೆ ಇರುವ ಆಸ್ಪತ್ರೆಗಳಿಗಾಗಿ ಒಂದು ದಿನದ ಕೋರ್ಸು, ಜೊತೆಗೆ ಒಂದು ಅಗ್ಗದ ಬೊಂಬೆ. ಉತ್ತರ ತಾಂಜಾನಿಯಾದ ಹಳ್ಳಿಗಾಡಿನಲ್ಲಿರುವ ಹೈಡಮ್ ಆಸ್ಪತ್ರೆಯಲ್ಲಿ ಸಿಬ್ಬಂದಿಗೆ ಈ ಕೋರ್ಸು ಕೊಟ್ಟರು. ಏಳು ತಿಂಗಳ ನಂತರ ಮತ್ತೆ ಬೊಂಬೆಯ ಮೇಲೆ ಪರೀಕ್ಷೆ ಮಾಡಿದರು. ಉಸಿರು ಕೊಡುವ ಪರೀಕ್ಷೆಯಲ್ಲಿ ಮೊದಲು ನೂರಕ್ಕೆ 18 ಜನ ಪಾಸಾಗಿದ್ದರು, ಈಗ 74 ಜನ ಪಾಸಾದರು. ಇಷ್ಟಕ್ಕೇ ನಿಲ್ಲಿಸಿದ್ದರೆ ತರಬೇತಿ ಭರ್ಜರಿ ಯಶಸ್ಸು ಅಂತ ವರದಿ ಬರೆದು ಮುಗಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ, ಹೆರಿಗೆ ಕೋಣೆಯಲ್ಲಿ ನಿಜವಾದ ಮಕ್ಕಳಿಗೆ ಏನು ನಡೆಯುತ್ತಿದೆ ಅಂತ ನೋಡಿದರು. ಅಲ್ಲಿ ಏನೂ ಬದಲಾಗಿರಲಿಲ್ಲ. ಬೊಂಬೆಯ ಮುಂದೆ ಬಂದ ಕೌಶಲ ಮಗುವಿನ ಮುಂದೆ ಬಂದಿರಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ನನ್ನ ಎಲ್ಲ ಬ್ಯಾಚಿಗೂ ಹೇಳುತ್ತೇನೆ. ಬೊಂಬೆಯನ್ನು ತರಗತಿಯಿಂದ ಎತ್ತಿ ಹೆರಿಗೆ ವಾರ್ಡಿಗೇ ತಂದು ಇಟ್ಟರು. ವಾರಕ್ಕೊಮ್ಮೆ 3ರಿಂದ 5 ನಿಮಿಷ, ಕೆಲಸದ ಮಧ್ಯೆಯೇ ಅಭ್ಯಾಸ. ತಿಂಗಳಿಗೊಮ್ಮೆ 40 ನಿಮಿಷದ ತರಬೇತಿ. ಬೊಂಬೆ ಅದೇ, ಸಿಬ್ಬಂದಿಯೂ ಅದೇ ಆಸ್ಪತ್ರೆಯವರು. ಹುಟ್ಟಿದ 24 ಗಂಟೆಯೊಳಗೆ ತೀರಿಕೊಳ್ಳುವ ಮಕ್ಕಳ ಸಂಖ್ಯೆ ಸಾವಿರಕ್ಕೆ 11.1 ಇದ್ದದ್ದು 7.2ಕ್ಕೆ ಇಳಿಯಿತು. ಒಂದು ದಿನದ ದೊಡ್ಡ ಕೋರ್ಸಿಗೆ ಆಗದ್ದು ವಾರಕ್ಕೆ ಐದು ನಿಮಿಷಕ್ಕೆ ಆಯಿತು. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಅದೇ.

ನಮ್ಮಲ್ಲೂ ಇದರ ಕೆಲಸ ನಡೆದಿದೆ. ಬೆಳಗಾವಿ ಜಿಲ್ಲೆಯಲ್ಲಿ ಅಲ್ಲಿನ ಜೆಎನ್ ವೈದ್ಯಕೀಯ ಕಾಲೇಜಿನವರು ಇದೇ ತರಬೇತಿಯನ್ನು ಹೆರಿಗೆ ಮಾಡಿಸುವ 599 ಜನರಿಗೆ ಕೊಟ್ಟರು. ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಹಿಡಿದು ಜಿಲ್ಲಾ ಮಟ್ಟದ ಆಸ್ಪತ್ರೆಯವರವರೆಗೂ ಅದರಲ್ಲಿದ್ದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆರಿಗೆಯ ಹೊತ್ತಿನಲ್ಲೇ ಸತ್ತು ಹುಟ್ಟಿದ್ದು ಅಂತ ದಾಖಲಾಗುವ ಮಕ್ಕಳು ನೂರಕ್ಕೆ 1.7 ಇದ್ದದ್ದು 0.9ಕ್ಕೆ ಬಂತು. ಈ ಸಂಖ್ಯೆಯ ಹಿಂದೆ ಏನಿದೆ ಅಂತ ಯೋಚಿಸಿದರೆ ಹೊಟ್ಟೆ ಕಿವುಚುತ್ತೆ. ಉಸಿರಾಡದ, ಅಳದ ಮಗುವನ್ನು ಸತ್ತಿದೆ ಅಂತ ಬದಿಗಿಡುತ್ತಿದ್ದ ಕಡೆ, ಅಂಥ ಕೆಲವು ಮಕ್ಕಳು ಇನ್ನೂ ಬದುಕಿದ್ದವು. ಒಂದು ನಿಮಿಷ ಸರಿಯಾಗಿ ಗಾಳಿ ಕೊಟ್ಟರೆ ಅಳುತ್ತಿದ್ದವು. ಆದರೆ ಹುಟ್ಟಿದ ಮೇಲಿನ ಮೊದಲ ತಿಂಗಳಲ್ಲಿ ತೀರಿಕೊಳ್ಳುವ ಮಕ್ಕಳ ಪ್ರಮಾಣ ಅದೇ ಅಧ್ಯಯನದಲ್ಲಿ ಇಳಿಯಲಿಲ್ಲ. ಸೋಂಕು, ಕಡಿಮೆ ತೂಕ, ಎದೆಹಾಲಿನ ತೊಂದರೆ ಇವನ್ನೆಲ್ಲ ಬ್ಯಾಗ್ ಮಾಸ್ಕಿನಿಂದ ಗೆಲ್ಲಲು ಆಗುವುದಿಲ್ಲ. ಬೊಂಬೆ ಯಾವ ಕೆಲಸವನ್ನು ಕಲಿಸಿತೋ ಆ ಕೆಲಸಕ್ಕೆ ಮಾತ್ರ ಫಲ ಸಿಗುತ್ತೆ.

ಇನ್ನು ದುಡ್ಡಿನ ವಿಷಯ. ಲಕ್ಷಗಟ್ಟಲೆ ಬೆಲೆಯ ಬೊಂಬೆಗಳಿವೆ. ಕಣ್ಣು ಮಿಟುಕಿಸುತ್ತವೆ, ಮೈ ನೀಲಿಗಟ್ಟುತ್ತೆ, ಕಂಪ್ಯೂಟರಿನಲ್ಲಿ ನಾಡಿ ತೋರಿಸುತ್ತವೆ. ನನ್ನ ಅನುಭವದಲ್ಲಿ, ಶುರುವಿನ ಕೌಶಲಗಳಿಗೆ ಅದ್ಯಾವುದೂ ಬೇಡ. ಹೆರಿಗೆ ಕಲಿಸುವ ಬೊಂಬೆಯ ಚರಿತ್ರೆಯೇ ಬಟ್ಟೆಯಿಂದ ಶುರುವಾಗುತ್ತೆ. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಮದಾಂ ದು ಕುದ್ರೇ ಅನ್ನುವ ಸೂಲಗಿತ್ತಿ ಇದ್ದರು. 1759ರಲ್ಲಿ ರಾಜ ಹದಿನೈದನೇ ಲೂಯಿ ಅವರಿಗೆ ದೇಶವೆಲ್ಲ ತಿರುಗಿ ಹಳ್ಳಿಯ ಹೆಂಗಸರಿಗೆ ಹೆರಿಗೆ ಕಲಿಸುವ ಅಧಿಕಾರ ಕೊಟ್ಟ. ಆಕೆ ಬಟ್ಟೆ, ಚರ್ಮ, ಹತ್ತಿ ಸೇರಿಸಿ ತಾಯಿಯ ಸೊಂಟದಿಂದ ತೊಡೆಯವರೆಗಿನ ಆಕಾರ ಹೊಲಿದರು, ಒಳಗೆ ಒಂದು ಮಗು, ಹೊಕ್ಕುಳಬಳ್ಳಿ, ಮಾಸು. ಗರ್ಭದ ನೀರು, ರಕ್ತ ಹರಿಯುವುದನ್ನು ತೋರಿಸಲು ಬಣ್ಣದ ನೀರು ಹೀರಿಸಿದ ಸ್ಪಂಜು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಊರೂರು ಅಲೆದು ಸಾವಿರಾರು ಹೆಂಗಸರಿಗೆ ಕಲಿಸಿದರು. ಅವರಲ್ಲಿ ಎಷ್ಟೋ ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಪುಸ್ತಕದಿಂದ ಕಲಿಸಲು ಆಗದ ಕಡೆ ಕೈಯಿಂದ ಕಲಿಸಿದರು. ಆ ಬೊಂಬೆಗಳಲ್ಲಿ ಒಂದು ಇವತ್ತಿಗೂ ರೂಆನ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ಹೊಲಿಗೆ ನೋಡಿದರೆ ನಮ್ಮಜ್ಜಿ ಹೊಲಿದ ಕೌದಿಯ ನೆನಪಾಗುತ್ತೆ.

ನಮ್ಮ ಕಾಲದಲ್ಲೂ ಇದೇ ದಾರಿಯಲ್ಲಿ ಪ್ರೊಂಟೋ ಅನ್ನುವ ಸಂಸ್ಥೆಯವರು ಆಪರೇಷನ್ ಕೋಣೆಯ ಹಳೇ ಪ್ಯಾಂಟನ್ನೇ ಹೊಲಿದು ಮಾರ್ಪಡಿಸಿದರು. ಒಬ್ಬ ನರ್ಸ್ ಅದನ್ನು ಬಟ್ಟೆಯ ಮೇಲೆ ಹಾಕಿಕೊಂಡು ತಾಯಿಯಾಗಿ ನಟಿಸುತ್ತಾರೆ, ನರಳುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ, 'ಏನಾಗ್ತಿದೆ ಸಿಸ್ಟರ್' ಅಂತ ಕೇಳುತ್ತಾರೆ. ಮೆಕ್ಸಿಕೋದಲ್ಲಿ, ಆಮೇಲೆ ನಮ್ಮ ಬಿಹಾರದಲ್ಲೂ ಇದನ್ನು ಬಳಸಿದರು. ಪ್ಲಾಸ್ಟಿಕ್ ತಾಯಿ ಎಷ್ಟೇ ದುಬಾರಿಯಾಗಿದ್ದರೂ ಭಯದಿಂದ ನಮ್ಮ ಮುಖ ನೋಡುವುದಿಲ್ಲ ಅಲ್ವಾ? ಹೆರಿಗೆ ಮೇಜಿನ ಮೇಲಿರುವ ಹೆಣ್ಣುಮಗಳ ಜೊತೆ ಮಾತಾಡುತ್ತಲೇ ಕೆಲಸ ಮಾಡುವುದನ್ನು ಕಲಿಸಲು ಈ ನಟನೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ನಾನು ಬಳಸುವ ಸಾಮಾನು ಹೇಳುತ್ತೇನೆ. ಮಗು ಹಿಡಿಯುವುದು, ಒರೆಸುವುದು, ಸುತ್ತುವುದು ಕಲಿಸಲು ಎರಡೂವರೆ ಕೆಜಿ ಅಕ್ಕಿ ತುಂಬಿದ ಬಟ್ಟೆಯ ಬೊಂಬೆ. ತಲೆಯ ಕಡೆ ಭಾರ ಜಾಸ್ತಿ ಬರುವ ಹಾಗೆ ತುಂಬಬೇಕು, ಕತ್ತು ಸಡಿಲವಾಗಿರಬೇಕು. ಸ್ವಲ್ಪ ಎಣ್ಣೆ ಸವರಿದ ಪ್ಲಾಸ್ಟಿಕ್ ಸುತ್ತಿದರೆ ಹುಟ್ಟಿದ ಮಗುವಿನ ಹಾಗೆ ಕೈಯಿಂದ ಜಾರುತ್ತೆ. ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗಿದೆಯೋ ಇಲ್ಲವೋ ಅಂತ ಹೊಟ್ಟೆಯ ಮೇಲಿಂದ ಮುಟ್ಟಿ ತಿಳಿಯುವುದಕ್ಕೆ, ದಪ್ಪ ಟವೆಲಿನ ಕೆಳಗೆ ಒಂದು ಕಡೆ ಗಟ್ಟಿ ಮೋಸಂಬಿ, ಇನ್ನೊಂದು ಕಡೆ ಕಲಸಿದ ಚಪಾತಿ ಹಿಟ್ಟು. ಕಣ್ಣು ಮುಚ್ಚಿಸಿ ಮುಟ್ಟಿಸುತ್ತೇನೆ. ಯಾವುದು ಕುಗ್ಗಿದ್ದು, ಯಾವುದು ಮೆತ್ತಗೆ ಉಳಿದು ರಕ್ತ ಸುರಿಸುವುದು ಅಂತ ಹೇಳಬೇಕು. ಒಂದು ಸಲ ಮುಟ್ಟಿದವರು ಮರೆಯುವುದಿಲ್ಲ. ಆದರೆ ಒಂದು ಕಡೆ ಮಾತ್ರ ಅಗ್ಗ ಮಾಡಬೇಡಿ. ಉಸಿರು ಕೊಡುವ ಅಭ್ಯಾಸಕ್ಕೆ, ಸರಿಯಾಗಿ ಮಾಡಿದರೆ ಎದೆ ಏಳುವ, ತಪ್ಪಾಗಿ ಮಾಡಿದರೆ ಏಳದ ಬೊಂಬೆಯೇ ಬೇಕು. ನಿಮ್ಮಲ್ಲಿ ಬೀಗ ಹಾಕಿಟ್ಟಿರುವುದರಲ್ಲಿ ಅದು ಖಂಡಿತ ಇರುತ್ತೆ. ನೀರು ತುಂಬುವ ಬೊಂಬೆಯಾದರೆ ಉಗುರುಬೆಚ್ಚಗಿನ ನೀರು ತುಂಬಿ. ಆ ಬಿಸುಪು, ಆ ಭಾರ ಕೈಗೆ ತಗುಲಿದ ಕೂಡಲೇ ಹುಡುಗಿಯರು ಅದನ್ನು ಎತ್ತಿಕೊಳ್ಳುವ ರೀತಿಯೇ ಬದಲಾಗುತ್ತೆ.

ರಕ್ತಸ್ರಾವದ ಒಂದು ಪಾಠ ಮಾಡಿಸಿ, ಖರ್ಚೇ ಇಲ್ಲ. ಬೀಟ್‌ರೂಟ್ ರಸ ಕಲಸಿದ ನೀರನ್ನು ಸರಿಯಾಗಿ 500 ಮಿಲಿ ಅಳೆದು ಹಳೇ ಸೀರೆ, ಪ್ಯಾಡು, ಕಿಡ್ನಿ ಟ್ರೇ, ನೆಲ, ಎಲ್ಲದರ ಮೇಲೂ ಹಂಚಿ ಸುರಿಯಿರಿ. ಎಷ್ಟು ರಕ್ತ ಹೋಗಿದೆ ಅಂತ ಚೀಟಿಯಲ್ಲಿ ಬರೆಯಲು ಹೇಳಿ. ನನ್ನ ತರಗತಿಗಳಲ್ಲಿ 200, 250 ಅಂತ ಬರೆಯುವವರೇ ಜಾಸ್ತಿ. ವರ್ಷಗಟ್ಟಲೆ ಲೇಬರ್ ರೂಮಿನಲ್ಲಿ ಕೆಲಸ ಮಾಡಿದವರೂ ಹಾಗೇ ಬರೆಯುತ್ತಾರೆ. ನಾರ್ಮಲ್ ಹೆರಿಗೆಯಲ್ಲಿ 500 ಮಿಲಿ ಅಂದರೆ ಅಪಾಯದ ಗೆರೆ. ಇದು ನಮ್ಮ ವಿದ್ಯಾರ್ಥಿಗಳ ದಡ್ಡತನ ಅಂದುಕೊಳ್ಳಬೇಡಿ, ಕಣ್ಣಂದಾಜೇ ಹಾಗೆ. ಬೆಳಗಾವಿಯವರು ರಕ್ತ ಅಳೆಯುವ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲವೊಂದನ್ನು ಅಮೆರಿಕದ ಸಂಶೋಧಕರ ಜೊತೆ ಸೇರಿ ರೂಪಿಸಿದ್ದರು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಕಣ್ಣಂದಾಜು ಆ ಚೀಲದ ಅಳತೆಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಬಂದಿತ್ತು. ತಾನು ಬರೆದ 200ರ ಚೀಟಿ ಕೈಯಲ್ಲಿದ್ದು, ಅಳತೆಯ ಜಗ್‌ನಲ್ಲಿ 500 ಇತ್ತು ಅಂತ ಗೊತ್ತಾದಾಗ ಹುಡುಗಿಯ ಮುಖ ನೋಡಬೇಕು. ಅವಳು ಮುಂದೆ ಯಾವ ಬಾಣಂತಿಯ ಪ್ಯಾಡನ್ನೂ ಮೇಲೆಮೇಲೆ ನೋಡಿ ಹೋಗುವುದಿಲ್ಲ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಬೊಂಬೆಯ ಜೊತೆ ಕಳೆದ ಹತ್ತು ನಿಮಿಷಕ್ಕಿಂತ ಅದು ಮುಗಿದ ಮೇಲೆ ಕೂತು ಮಾತಾಡುವ ಹತ್ತು ನಿಮಿಷದಲ್ಲಿ ಕಲಿಕೆ ಜಾಸ್ತಿ. ಇದನ್ನೇ ಡಿಬ್ರೀಫಿಂಗ್ ಅನ್ನುವುದು. ನಮ್ಮಲ್ಲಿ ಹೆಚ್ಚಿನ ಕಡೆ ಕೈಬಿಟ್ಟುಹೋಗುವುದು ಇದೇ. ಅಭ್ಯಾಸ ಮುಗಿಯುತ್ತಲೇ ಟ್ಯೂಟರ್ 'ನೀನು ಅದು ತಪ್ಪು ಮಾಡಿದೆ, ಇದು ತಪ್ಪು ಮಾಡಿದೆ' ಅಂತ ಪಟ್ಟಿ ಓದುತ್ತಾರೆ. ಹುಡುಗಿ ತಲೆ ತಗ್ಗಿಸಿ 'ಸರಿ ಮೇಡಂ' ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ಒಂದು ಉದಾಹರಣೆ ಕೊಡುತ್ತೇನೆ. ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿ ಬೊಂಬೆಗೆ ಉಸಿರು ಕೊಡುವ ಅಭ್ಯಾಸ ಮಾಡಿದಳು. ಅವಳ ಗೆಳತಿ ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಮುಗಿದ ಮೇಲೆ ಕೇಳಿದೆ, 'ಮಗು ಬಂದ ಎಷ್ಟು ಹೊತ್ತಿಗೆ ಮೊದಲ ಉಸಿರು ಕೊಟ್ಟೆ?' ಅವಳು ಖಾತ್ರಿಯಿಂದ 'ಮೂವತ್ತು ಸೆಕೆಂಡ್ ಮೇಡಂ' ಅಂದಳು. ವಿಡಿಯೋದಲ್ಲಿ 1 ನಿಮಿಷ 50 ಸೆಕೆಂಡ್ ಆಗಿತ್ತು. ನಾನು ಏನೂ ಹೇಳಲಿಲ್ಲ. ಎಲ್ಲರೂ ಮತ್ತೆ ನೋಡಿದೆವು. ಆಗ ಅವಳೇ ಕಂಡುಹಿಡಿದಳು. ಟ್ರೇಯಲ್ಲಿ ಎರಡು ಮಾಸ್ಕ್ ಇದ್ದವು. ದೊಡ್ಡದನ್ನು ಸಿಕ್ಕಿಸಿ, ಹೊಂದದೆ, ತೆಗೆದು, ಚಿಕ್ಕದನ್ನು ಹುಡುಕುವುದರಲ್ಲಿ 40 ಸೆಕೆಂಡ್ ಹೋಗಿತ್ತು. ಉಳಿದ ಹೊತ್ತು ಬೆನ್ನು ಉಜ್ಜುತ್ತಲೇ ನಿಂತಿದ್ದಳು, ಮಗು ಈಗ ಅಳುತ್ತೆ, ಈಗ ಅಳುತ್ತೆ ಅಂತ. 'ಮುಂದಿನ ಸಲ ಏನು ಮಾಡ್ತೀಯ?' ಅಂದೆ. 'ಹೆರಿಗೆಗೆ ಮುಂಚೆಯೇ ಮಾಸ್ಕ್ ಸಿಕ್ಕಿಸಿ ಇಡ್ತೀನಿ. ಒರೆಸಿ ಉಜ್ಜಿದ ಮೇಲೂ ಉಸಿರಿಲ್ಲ ಅಂದ್ರೆ ಕಾಯಲ್ಲ.' ಇಷ್ಟೇ. ತಕ್ಷಣ ಇನ್ನೊಂದು ಸಲ ಮಾಡಿಸಿದೆ. 48 ಸೆಕೆಂಡ್.

ಅವಳಿಗೆ ಎರಡನೇ ಅವಕಾಶ ಅಲ್ಲೇ ಕೊಟ್ಟಿದ್ದನ್ನು ಗಮನಿಸಿ. ತಪ್ಪು ಗೊತ್ತಾದ ಕೂಡಲೇ ಸರಿಯಾದದ್ದನ್ನು ಕೈಯಲ್ಲಿ ಮಾಡಿಸದೆ ಮನೆಗೆ ಕಳಿಸಬೇಡಿ. ಇನ್ನೊಂದು ವಿಷಯ, ಈ ಹೊತ್ತಿಗೆ ಅಂಕ ಇಡಬೇಡಿ. ಶುರುವಿಗೆ ಮುಂಚೆ ಬಾಯಿಬಿಟ್ಟು ಹೇಳಿ: 'ಇಲ್ಲಿ ತಪ್ಪು ಮಾಡೋಕೇ ಬಂದಿದ್ದೀರ. ಇಲ್ಲಿ ನಡೆದದ್ದು ಹೊರಗೆ ಹೋಗಲ್ಲ.' ಬೈಗುಳದ ಭಯ ಇರುವ ಕಡೆ ಹುಡುಗಿಯರು ಗೊತ್ತಿಲ್ಲ ಅನ್ನುವುದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಹೆರಿಗೆ ಕೋಣೆಯಲ್ಲಿ ಹೊರಗೆ ಬರುತ್ತೆ. ವಿಡಿಯೋವನ್ನು ಅವತ್ತೇ ಅವರ ಮುಂದೆಯೇ ಅಳಿಸಿಬಿಡಿ.

ಬೊಂಬೆ ಕೆಟ್ಟ ಅಭ್ಯಾಸವನ್ನೂ ಅಷ್ಟೇ ಚೆನ್ನಾಗಿ ಕಲಿಸುತ್ತೆ ಅನ್ನುವುದು ನಿಮಗೆ ಗೊತ್ತಿರಲಿ. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗಳಲ್ಲಿ ವಿದ್ಯಾರ್ಥಿ ನಿಂತಲ್ಲೇ ನಿಂತು 'ಕೈ ತೊಳೆದೆ, ಗ್ಲೌಸ್ ಹಾಕಿಕೊಂಡೆ, ತಾಯಿಗೆ ವಿವರಿಸಿದೆ' ಅಂತ ಬಾಯಲ್ಲೇ ಹೇಳಿ ಮುಂದೆ ಹೋಗುತ್ತಾಳೆ. ನಾವೂ ಟಿಕ್ ಹಾಕುತ್ತೇವೆ. ಅವಳ ಕೈ ಕಲಿತದ್ದು ಏನು? ಕೈ ತೊಳೆಯದೆ ಮುಂದೆ ಹೋಗುವುದನ್ನು. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಬೊಂಬೆಯ ಮುಂದೆಯೂ ನಲ್ಲಿಗೆ ಹೋಗಿ ಕೈ ತೊಳೆಯಲಿ. ಗ್ಲೌಸ್ ದುಬಾರಿ ಅಂದರೆ ಒಂದೇ ಜೊತೆಯನ್ನು ಅಭ್ಯಾಸಕ್ಕೆ ಅಂತ ಮೀಸಲಿಟ್ಟು ಮತ್ತೆ ಮತ್ತೆ ಬಳಸಲಿ, ಆದರೆ ಹಾಕಿಕೊಳ್ಳಲಿ. ಬೊಂಬೆ ತಾಯಿಗೆ 'ಅಮ್ಮಾ, ಈಗ ಒಂದು ಇಂಜೆಕ್ಷನ್ ಕೊಡ್ತೀನಿ' ಅಂತ ಗಟ್ಟಿಯಾಗಿ ಹೇಳಲಿ.

ತರಗತಿಯಲ್ಲಿ ಇಷ್ಟಾದ ಮೇಲೆ, ನಿಮ್ಮ ವಿದ್ಯಾರ್ಥಿಗಳು ಹೋಗುವ ಆಸ್ಪತ್ರೆಯವರು ಒಪ್ಪಿದರೆ ಬೊಂಬೆಯನ್ನು ಅಲ್ಲಿಗೇ ಒಯ್ಯಿರಿ. ಹೆರಿಗೆ ಇಲ್ಲದ ಹೊತ್ತು ನೋಡಿ, ಅದೇ ಮೇಜು, ಅದೇ ಟ್ರೇ, ಅದೇ ಡ್ಯೂಟಿ ಸಿಬ್ಬಂದಿಯ ಜೊತೆ ಒಂದು ಅಣಕು ಹೆರಿಗೆ ಮಾಡಿ. ಜನ ಏನು ಕಲಿತಿಲ್ಲ ಅನ್ನುವುದರ ಜೊತೆಗೆ, ಕೋಣೆಯಲ್ಲಿ ಏನು ಸರಿಯಿಲ್ಲ ಅನ್ನುವುದೂ ಆಗ ಗೊತ್ತಾಗುತ್ತೆ. ನಾನು ಕಂಡ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ತುಂಬಿತ್ತು, ಅದನ್ನು ತೆರೆಯುವ ಸ್ಪ್ಯಾನರ್ ಯಾರಿಗೂ ಸಿಗಲಿಲ್ಲ. ಇನ್ನೊಂದು ಕಡೆ ರಕ್ತಸ್ರಾವ ನಿಲ್ಲಿಸುವ ಔಷಧಿ ಆಕ್ಸಿಟೋಸಿನ್ ಇಟ್ಟ ಫ್ರಿಜ್‌ಗೆ ಬೀಗ, ಬೀಗದ ಕೈ ಫಾರ್ಮಸಿಸ್ಟ್ ಜೇಬಿನಲ್ಲಿ, ಅವರು ಸಂಜೆ ಮನೆಗೆ ಹೋಗಿದ್ದರು. ಬೊಂಬೆ ತಾಯಿಗೆ ಬೀಟ್‌ರೂಟ್ ನೀರು ಹರಿಯುತ್ತಾ ಇತ್ತು, ನಾಲ್ಕು ಜನ ಕೀ ಹುಡುಕುತ್ತಾ ಇದ್ದರು. ಮಾರನೇ ದಿನವೇ ಆ ಕೀಯನ್ನು ಲೇಬರ್ ರೂಮಿನ ಗೋಡೆಗೆ ನೇತುಹಾಕಿದರು. ಸ್ಪ್ಯಾನರನ್ನು ಸಿಲಿಂಡರಿಗೇ ಸರಪಳಿ ಹಾಕಿ ಕಟ್ಟಿದರು. ಯಾವ ಉಪನ್ಯಾಸದಿಂದಲೂ ಇದು ಆಗುತ್ತಿರಲಿಲ್ಲ.

ಹೀಗೆ ಇಡೀ ತಂಡ ಒಟ್ಟಿಗೆ ಅಭ್ಯಾಸ ಮಾಡಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆ ಇದೆ. ತಲೆ ಹೊರಗೆ ಬಂದು ಭುಜ ಸಿಕ್ಕಿಕೊಳ್ಳುವ ಹೆರಿಗೆ ನಮ್ಮೆಲ್ಲರಿಗೂ ಭಯವೇ. ಗಾಬರಿಯಲ್ಲಿ ತಲೆ ಎಳೆದರೆ ಮಗುವಿನ ಕೈಯ ನರ ಹರಿಯುತ್ತೆ. ಅಲ್ಲಿ ಡಾಕ್ಟರ್, ಮಿಡ್‌ವೈಫ್ ಎಲ್ಲರಿಗೂ ವರ್ಷ ವರ್ಷವೂ ಒಟ್ಟಿಗೆ ಇದರ ಅಣಕು ಅಭ್ಯಾಸ ಕಡ್ಡಾಯ ಮಾಡಿದರು. ಇಂಥ ಹೆರಿಗೆಗಳಲ್ಲಿ ಮಗುವಿಗೆ ಪೆಟ್ಟಾಗುವುದು ನೂರಕ್ಕೆ 9.3 ಇದ್ದದ್ದು 2.3ಕ್ಕೆ ಇಳಿಯಿತು. ಅವರ ಬೊಂಬೆಯಲ್ಲಿ ಮಗುವನ್ನು ಎಷ್ಟು ಜೋರಾಗಿ ಎಳೆದಿರಿ ಅಂತ ಅಳೆಯುವ ಸಾಧನ ಇತ್ತು. ನಮ್ಮಲ್ಲಿ ಅದಿಲ್ಲದಿದ್ದರೂ ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆ ಮಡಚುವುದು, ಪ್ಯೂಬಿಕ್ ಎಲುಬಿನ, ಅಂದರೆ ಕಿಬ್ಬೊಟ್ಟೆಯ ಕೆಳಗಿನ ಎಲುಬಿನ, ತುಸು ಮೇಲ್ಗಡೆ ಒತ್ತುವುದು, ಯಾರು ಎಲ್ಲಿ ನಿಲ್ಲಬೇಕು, ಯಾರು ಹೊತ್ತು ಬರೆಯಬೇಕು, ಇವಿಷ್ಟನ್ನು ಒಬ್ಬ ನಟಿಸುವ ತಾಯಿ ಮತ್ತು ಬಟ್ಟೆಯ ಬೊಂಬೆ ಇಟ್ಟುಕೊಂಡು ಮಾಡಿಸಬಹುದು.

ನಿಮ್ಮ ಡಾಕ್ಟರಿಗೆ ಏನು ಹೇಳುವುದು? ವಿಮಾನದ ಪೈಲಟ್‌ಗಳ ಕಥೆ ಹೇಳಿ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಅನ್ನುವವರು ನೆಲದ ಮೇಲೆ ಅಲುಗಾಡುವ ಒಂದು ಪುಟ್ಟ ವಿಮಾನದ ಪೆಟ್ಟಿಗೆ ಮಾಡಿದರು. ಅವರ ತಂದೆಯದು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ಆ ವಾದ್ಯದ ತಿದಿಗಳನ್ನೇ ಬಳಸಿ ಪೆಟ್ಟಿಗೆಯನ್ನು ವಾಲಿಸುತ್ತಿದ್ದರು. ಶುರುವಿನಲ್ಲಿ ಜಾತ್ರೆಯ ಆಟದ ಸಾಮಾನು ಅಂತಲೇ ಜನ ಕೊಂಡರು. 1934ರಲ್ಲಿ ಸೇನೆಗೆ ಟಪಾಲು ಸಾಗಿಸುವ ಕೆಲಸ ಬಂತು. ಮೋಡ, ಮಂಜಿನಲ್ಲಿ ಉಪಕರಣ ನೋಡಿ ಹಾರಿಸುವ ಅಭ್ಯಾಸ ಇಲ್ಲದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರ ಮೇಲೊಬ್ಬರು ಸತ್ತರು. ಆಗ ಸೇನೆ ಅದೇ ಪೆಟ್ಟಿಗೆಗಳನ್ನು ಕೊಂಡಿತು. ಇವತ್ತು ಸಿಮ್ಯುಲೇಟರಿನಲ್ಲಿ ಇಂಜಿನ್ ಕೆಟ್ಟುಹೋಗುವುದನ್ನು ಅಭ್ಯಾಸ ಮಾಡದ ಪೈಲಟ್ ಓಡಿಸುವ ವಿಮಾನಕ್ಕೆ ನಿಮ್ಮ ಡಾಕ್ಟರ್ ಹತ್ತುತ್ತಾರಾ?

ಆದರೆ ಅವರ ಮಾತಿನಲ್ಲಿರುವ ನಿಜವನ್ನೂ ಒಪ್ಪಿಕೊಳ್ಳಿ. ವಾರ್ಡು ಬೇಕೇ ಬೇಕು. ನೋವು ತಿನ್ನುವ ತಾಯಿಯ ಪಕ್ಕದಲ್ಲಿ ಎಂಟು ಗಂಟೆ ಕೂರುವುದು, ಅವಳ ಅತ್ತೆಗೆ ಸಮಾಧಾನ ಹೇಳುವುದು, ಹೆರಿಗೆ ಮುಂದೆ ಹೋಗುತ್ತಿದೆಯಾ ನಿಂತಿದೆಯಾ ಅಂತ ಮುಖ ನೋಡಿಯೇ ಅಂದಾಜು ಮಾಡುವುದು ಬೊಂಬೆಯಿಂದ ಬರುವುದಿಲ್ಲ. ಬೊಂಬೆಯ ಮೇಲೆ ಕೈ ಪಳಗಿದ ಮೇಲೆ ವಾರ್ಡಿಗೆ ಹೋಗಲಿ. ಬೆರಳು ಎಲ್ಲಿಡಬೇಕು ಅನ್ನುವ ಚಿಂತೆ ಇಲ್ಲದಿದ್ದರೆ ಅವರಿಗೆ ತಾಯಿಯ ಮುಖ ನೋಡಲು ಪುರುಸೊತ್ತು ಸಿಗುತ್ತೆ.

ನೀವು ಸೋಮವಾರದಿಂದ ಶುರು ಮಾಡುವುದಾದರೆ, ಪ್ರಿನ್ಸಿಪಾಲರ ಹತ್ತಿರ ದುಡ್ಡು ಕೇಳಬೇಡಿ, ಕೀ ಕೇಳಿ. ಹಾಳಾದರೆ ಅನ್ನುವ ಭಯಕ್ಕೆ ಒಂದು ರಿಜಿಸ್ಟರ್ ಇಡಿ. ಯಾರು ತೆಗೆದುಕೊಂಡರು, ಏನು ಕೆಟ್ಟಿತು ಅಂತ ಬರೆಯಲಿ. ಬಳಸಿ ಹರಿದುಹೋದ ಬೊಂಬೆಯ ಶ್ವಾಸಕೋಶದ ಚೀಲ ಬದಲಾಯಿಸಬಹುದು. ಬೀರುವಿನಲ್ಲೇ ಕೂತರೆ ಅದರ ರಬ್ಬರ್ ಎರಡು ಬೇಸಿಗೆಗೆ ತಾನೇ ಅಂಟಂಟಾಗಿ ಬಿರುಕು ಬಿಡುತ್ತೆ, ನಿಮ್ಮದನ್ನು ಈಗಲೇ ತೆಗೆದು ನೋಡಿ. ಶಿಶು ಬೊಂಬೆ, ಅಂಬು ಬ್ಯಾಗ್, ಎರಡು ಅಳತೆಯ ಮಾಸ್ಕ್, ಒಂದು ಟವೆಲ್, ಇಷ್ಟನ್ನು ಒಂದು ಬುಟ್ಟಿಯಲ್ಲಿ ಹಾಕಿ ತರಗತಿಯ ಬಾಗಿಲ ಪಕ್ಕ ಇಡಿ. ದಿನಾ ಮೊದಲ ಪಾಠಕ್ಕೆ ಮುಂಚೆ ಇಬ್ಬರು, ಐದು ನಿಮಿಷ. ಒಬ್ಬಳು ಮಾಡುತ್ತಾಳೆ, ಇನ್ನೊಬ್ಬಳು ಮೊಬೈಲಿನಲ್ಲಿ ಸೆಕೆಂಡ್ ನೋಡುತ್ತಾಳೆ. ನಿಮಿಷಕ್ಕೆ 40ರಿಂದ 60 ಉಸಿರು ಬರಬೇಕು. 'ಒತ್ತು, ಎರಡು, ಮೂರು' ಅಂತ ಬಾಯಲ್ಲಿ ಎಣಿಸುತ್ತಾ ಮಾಡಿದರೆ ಲಯ ತಾನೇ ಕೂರುತ್ತೆ. 40 ಜನರ ತರಗತಿಯಾದರೆ ತಿಂಗಳಿಗೆ ಒಂದು ಸುತ್ತು ಮುಗಿಯುತ್ತೆ. ಮೂರು ತಿಂಗಳಾದ ಮೇಲೆ ಹೇಳದೆ ಕೇಳದೆ ಒಂದು ದಿನ ಬುಟ್ಟಿ ತೆಗೆದು ಯಾರಾದರೂ ಒಬ್ಬಳ ಕೈಗೆ ಬೆಚ್ಚಗಿನ ನೀರು ತುಂಬಿದ ಬೊಂಬೆ ಕೊಟ್ಟು, 'ಮಗು ಅಳ್ತಿಲ್ಲ ಸಿಸ್ಟರ್' ಅನ್ನಿ. ಆ ದಿನ ನಿಮ್ಮ ಡಾಕ್ಟರನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.